ಹದಿನಾಲ್ಕು ಬಾಣಂತನಗಳ ತಡ

ಗಂಟು ಮೊದಲು ಸಿಕ್ಕಿದ್ದು ನನಗಲ್ಲ. ಫಕೀರವ್ವನ ಕೈಗೆ.

ಮೂರನೆಯ ಮಗು ಹುಟ್ಟಿ ಇಪ್ಪತ್ತು ದಿನವಾಗಿತ್ತು. ಫಕೀರವ್ವ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೆಂಗಸು. ಹುಬ್ಬಳ್ಳಿಯ ದುರ್ಗದಬೈಲಿನ ಆಚೆ ಈಚೆ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ನಲವತ್ತು ದಿನ ಆ ಮನೆಯ ಬಚ್ಚಲು ಅವಳದೇ ರಾಜ್ಯ. ಕಣಕ ನಾದಿದ ಹಾಗೆ ಮೈ ತಿಕ್ಕುತ್ತಿದ್ದಳು. ನಾನು ಅಯ್ಯೋ ಅಂದರೆ ನಗುತ್ತಿದ್ದಳು. ಅಂದು ಎಡಗಡೆಯ ಎದೆಯ ಹತ್ತಿರ ಅವಳ ಕೈ ನಿಂತಿತು. ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

"ಅವ್ವಾರ, ಇದು ಯಾವಾಗಿಂದ ಐತ್ರಿ?"

"ಯಾವುದು?"

ನನ್ನ ಬೆರಳು ಹಿಡಿದು ಅಲ್ಲಿಟ್ಟಳು. ಹುಣಸೆ ಬೀಜದಷ್ಟಿತ್ತು. ನೋವಿರಲಿಲ್ಲ.

ಬಚ್ಚಲ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ಅತ್ತೆಯವರು, "ಹಾಲು ಗಂಟು ಕಟ್ಟೇದ, ಮತ್ತೇನಿಲ್ಲ" ಎಂದರು. ಅವರು ದಿನಾಲು ಅಲ್ಲಿ ನಿಲ್ಲುವುದಕ್ಕೆ ಕಾರಣವಿತ್ತು. ಫಕೀರವ್ವ ಮುಟ್ಟಿದ ಮೈಗೆ ಕೊನೆಯ ತಂಬಿಗೆ ನೀರನ್ನು ಮನೆಯವರೇ ಹಾಕಬೇಕು, ಆಮೇಲೆ ನಾನು ಒಳಗೆ ಬರಬೇಕು. ನಮ್ಮ ಮನೆಯ ರೀತಿ ಅದು. ಅದರ ಬಗ್ಗೆ ನಾನು ಅಲ್ಲಿಯವರೆಗೆ ಯೋಚನೆ ಮಾಡಿದವಳೇ ಅಲ್ಲ.

"ಹಾಲು ಗಂಟಲ್ರಿ ಇದು," ಎಂದಳು ಫಕೀರವ್ವ. "ಲಗೂ ದವಾಖಾನಿಗೆ ಹೋಗ್ರಿ. ತಡಾ ಮಾಡಬ್ಯಾಡ್ರಿ."

"ನಿನಗ ಹ್ಯಾಂಗ ಗೊತ್ತು?" ಅತ್ತೆ ಕೇಳಿದರು.

ಅವಳು ಹಂಡೆಯ ನೀರಿನ ಹದ ನೋಡುತ್ತ ಕೂತಳು.

ಮುಂದೆ ನಡೆದದ್ದೆಲ್ಲ ಹಾಲು ಗಂಟಿನ ಉಪಚಾರ. ಉಪ್ಪಿನ ಶಾಖ, ಎಕ್ಕೆ ಎಲೆ, ಎದೆಗೆ ಮಲ್ಲಿಗೆ ಹೂ ಕಟ್ಟುವುದು. ಮಲ್ಲಿಗೆಯ ವಾಸನೆಗೆ ನನಗೆ ತಲೆ ಸುತ್ತುತ್ತಿತ್ತು. ನಮ್ಮವರು ರೈಲ್ವೆ ಆಫೀಸಿನಲ್ಲಿ ಕಾರಕೂನರು. ಪೇಟೆಯ ಡಾಕ್ಟರರ ಹತ್ತಿರ ಅವರೊಬ್ಬರೇ ಹೋದರು. ಬಾಣಂತಿಯನ್ನು ಗಂಡಸು ಡಾಕ್ಟರರ ಮುಂದೆ ಕೂಡಿಸುವುದು ಹೇಗೆ? ನನ್ನ ಗಂಟನ್ನು ಅವರು ಬಾಯಿಮಾತಿನಲ್ಲಿ ವರ್ಣಿಸಿದರು. ಡಾಕ್ಟರರು ಬಾಯಿಮಾತನ್ನೇ ಪರೀಕ್ಷೆ ಮಾಡಿ ಮುಲಾಮು ಕೊಟ್ಟು ಕಳಿಸಿದರು. ಈಗ ನಗು ಬರುತ್ತದೆ. ಆಗ ಆ ಮುಲಾಮನ್ನು ಭಕ್ತಿಯಿಂದ ಹಚ್ಚಿಕೊಂಡೆ.

ಫಕೀರವ್ವ ಮಾತ್ರ ದಿನಾಲು ಮುಟ್ಟಿ ನೋಡಿ, ದಿನಾಲು ಅದೇ ಮಾತು ಹೇಳುತ್ತಿದ್ದಳು. ನನಗೆ ಯಾರ ಮಾತು ನಂಬಬೇಕೋ ತಿಳಿಯಲಿಲ್ಲ. ಒಮ್ಮೊಮ್ಮೆ ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು.

ನಲವತ್ತನೆಯ ದಿನ ಬಾಣಂತನ ಮುಗಿಯಿತು. ಅಂದು ಅವಳಿಗೆ ಸೀರೆ, ಜೋಳ ಕೊಟ್ಟು ಕಳಿಸುವುದು ಪದ್ಧತಿ. ಅವಳು ಪಡಸಾಲೆಯ ಕೆಳಗೆ, ಅಂಗಳದಲ್ಲಿ ನಿಂತಳು. ನಮ್ಮವರ ಮುಂದೆ ಎಂದೂ ಬಾಯಿ ತೆರೆದವಳಲ್ಲ.

"ಸೀರಿ ಇವತ್ತ ಒಲ್ಲೆರಿ, ಯಪ್ಪಾ. ಅವ್ವಾರ್ನ ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗಿ ಬರ್ರಿ. ಆಮ್ಯಾಲೆ ತಗೋತೇನಿ."

ಕೊಟ್ಟ ಸೀರೆ ಬೇಡ ಅನ್ನುವುದು ಮನೆಗೆ ಅಪಶಕುನ. ಅತ್ತೆಯವರ ಮುಖ ಬಿಳಿಚಿತು. ಮರುದಿನವೇ ನಮ್ಮವರು ಮಿರಜಿನ ದೊಡ್ಡ ದವಾಖಾನೆಗೆ ಹೋಗಲು ರೈಲಿನ ಪಾಸು ಬರೆಸಿದರು. ಬದುಕಿ ಉಳಿಯಲು ನನಗೆ ಒಂದು ಅಪಶಕುನದ ಅಂಜಿಕೆ ಬೇಕಾಯಿತು.

ಮಿರಜಿನ ದವಾಖಾನೆಯಲ್ಲಿ ಸಾಹೇಬ ಡಾಕ್ಟರರು ನರ್ಸ್‌ಬಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಿದರು. ಎಷ್ಟು ದಿನವಾಯಿತು ಎಂದು ಮರಾಠಿಯಲ್ಲಿ ಕೇಳಿದರು.

"ಇಪ್ಪತ್ತೈದು ದಿನ."

"ಬೇಗ ಬಂದೆ. ಒಳ್ಳೆಯದು ಮಾಡಿದೆ," ಎಂದರು.

ನಾನು ಏನೂ ಮಾಡಿರಲಿಲ್ಲ. ಹಾಗೆಂದು ಹೇಳಬೇಕಿತ್ತು. ಹೇಳಲಿಲ್ಲ.

ಕ್ಯಾನ್ಸರ್ ಎಂಬ ಶಬ್ದ ಅಂದು ಮೊದಲ ಸಲ ಕೇಳಿದೆ. ಅದು ಎಂಥದೆಂದು ನಮ್ಮವರ ಮುಖ ನೋಡಿ ತಿಳಿದುಕೊಂಡೆ.

ಆಪರೇಶನ್ ದಿನ ಕ್ಲೋರೋಫಾರ್ಮ್ ವಾಸನೆಯ ನಡುವೆ ಮಲ್ಲಿಗೆಯ ವಾಸನೆ ಬಂದ ಹಾಗಾಯಿತು. ಎಚ್ಚರವಾದಾಗ ಎಡಗಡೆ ಬರೀ ಬ್ಯಾಂಡೇಜು. ಬಲಗಡೆ ಹಾಲು ತುಂಬಿ ಸೋರುತ್ತಿತ್ತು. ಮಗು ಅತ್ತೆಯವರ ಜೊತೆ ಧರ್ಮಶಾಲೆಯಲ್ಲಿ, ಆಕಳ ಹಾಲಿನ ಮೇಲೆ. ನಾನು ಅತ್ತುಬಿಟ್ಟೆ. ಹೋದ ಎದೆಗೋ, ಸೋರಿ ಹೋಗುವ ಹಾಲಿಗೋ, ಜೀವ ಉಳಿದದ್ದಕ್ಕೋ, ಈಗಲೂ ನನಗೆ ಗೊತ್ತಿಲ್ಲ. ಡ್ರೆಸಿಂಗ್ ಬಿಚ್ಚುವಾಗ ನರ್ಸ್‌ಬಾಯಿ ಬೇರೆ ಕಡೆ ನೋಡು ಅನ್ನುತ್ತಿದ್ದಳು. ನಾನು ನೋಡಿಯೇ ನೋಡಿದೆ.

ಒಂದೂವರೆ ತಿಂಗಳ ಮೇಲೆ ಹುಬ್ಬಳ್ಳಿಗೆ ಬಂದೆ. ಬಂದ ಮರುದಿನವೇ ಫಕೀರವ್ವನಿಗೆ ಹೇಳಿಕಳಿಸಿದೆ. ಸೀರೆ ಕೊಡಬೇಕಿತ್ತು. ಕೈಯಲ್ಲಿ ಬಾಣಂತಿ ಇದ್ದಾಳೆ, ಮುಗಿಸಿ ಬರುತ್ತೇನೆ ಎಂದಳಂತೆ. ನಲವತ್ತು ದಿನದೊಳಗೆ ನೀರು ಹಾಕುವ ಕೈ ಬದಲಾಗಬಾರದು, ಬದಲಾದರೆ ಕೂಸಿಗೆ ಕೇಡು ಎಂದು ನಮ್ಮಲ್ಲಿ ನಂಬುತ್ತಾರೆ. ಅದು ಮುಗಿಯುವುದರೊಳಗೆ ಇನ್ನೊಂದು ಮನೆಯವರು ಕರೆದರು. ಅವಳು ಬಂದಾಗ ಎರಡೂವರೆ ತಿಂಗಳು ಕಳೆದಿತ್ತು.

ಸೀರೆಗೆ ಎಡಗೈ ಚಾಚಿದಳು.

"ಎಡಗೈಲೆ ತಗೋತಿ ಏನ?" ಎಂದು ಅತ್ತೆ ಗದರಿದರು.

"ಬಲಗೈ ಏಳವಲ್ದರಿ."

ಕೈ ಊದಿತ್ತು. ನಾನು ಬಚ್ಚಲಿಗೆ ಕರೆದುಕೊಂಡು ಹೋಗಿ ಸೆರಗು ಸರಿಸಲು ಹೇಳಿದೆ. ಬಲಗಡೆಯ ಎದೆ ಕಲ್ಲಾಗಿತ್ತು. ಚರ್ಮ ಒಡೆದು ಹುಣ್ಣಾಗಿತ್ತು. ಅದರ ಮೇಲೆ ಅರಿಷಿಣ ಒತ್ತಿ, ಹಳೆಯ ಬಟ್ಟೆ ಕಟ್ಟಿದ್ದಳು. ಬಾಣಂತಿಯರಿಗೆ ಹಚ್ಚಿ ಉಳಿದ ಅರಿಷಿಣ.

"ಇದು ಮೊದಲಿಂದ ಇತ್ತೇನು?"

"ಇತ್ತರಿ. ನಂದು ಹಿಂಗ ಸಣ್ಣದಿತ್ತು, ಆಮ್ಯಾಲೆ ದೊಡ್ಡದಾತು. ಅದಕ್ಕ ನಿಮ್ಮದು ಕೈಗೆ ತಿಳೀತು."

ಅವಳು ನನ್ನನ್ನು ಕೂಡಿಸುತ್ತಿದ್ದ ಮಣೆಯ ಮೇಲೆಯೇ ಕೂತೆ.

"ಮತ್ತ ನನಗ್ಯಾಕ ಹೇಳಲಿಲ್ಲ? ನೀನೂ ಬರಬೇಕಿತ್ತು."

"ನಾ ಹೆಂಗ ಬರ್ಲಿರಿ?" ಎಂದಳು. ನನ್ನ ಪ್ರಶ್ನೆಯೇ ಅವಳಿಗೆ ಅರ್ಥವಾದಂತೆ ಕಾಣಲಿಲ್ಲ.

ಅಂದು ಹೇಳಿದ್ದರೆ ನಾನು ಅವಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆನೇ? ಇದನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಖರೆ ಹೇಳಬೇಕೆಂದರೆ, ಇಲ್ಲ. ಅಯ್ಯೋ ಪಾಪ ಎನ್ನುತ್ತಿದ್ದೆ. ಆ ಮುಲಾಮಿನ ಡಬ್ಬಿಯಲ್ಲಿ ಉಳಿದದ್ದನ್ನು ಅವಳಿಗೆ ಕೊಡುತ್ತಿದ್ದೆ. ಪಾಸಿನಲ್ಲಿ ಮನೆಯವರ ಹೆಸರು ಮಾತ್ರ ಬರೆಯುತ್ತಾರೆ ಎಂದು ನಮ್ಮವರು ಹೇಳುತ್ತಿದ್ದರು, ನಾನೂ ಹೌದೆನ್ನುತ್ತಿದ್ದೆ.

ಈ ಸಲ ಹಟ ಮಾಡಿದೆ. ನಮ್ಮವರು ಎರಡು ಮಾತಾಡಲಿಲ್ಲ, ಅವಳಿಗೆ ಟಿಕೀಟು ತೆಗೆಸಿ ತಾವೂ ಜೊತೆಗೆ ಬಂದರು. ಅದೇ ದವಾಖಾನೆ, ಅದೇ ಡಾಕ್ಟರರು, ಅದೇ ಪ್ರಶ್ನೆ. ಫಕೀರವ್ವನಿಗೆ ಮರಾಠಿ ಬರುವುದಿಲ್ಲ. ನಾನು ಕನ್ನಡದಲ್ಲಿ ಕೇಳಿದೆ: ಎಷ್ಟು ದಿನವಾಯಿತು?

ಅವಳು ಬೆರಳ ಗೆಣ್ಣು ಎಣಿಸತೊಡಗಿದಳು.

"ಕಿರಾಣಿ ಅಂಗಡ್ಯಾರ ಸೊಸಿ ಒಂದು. ಆ ಬಾಣಂತನದಾಗ ಮೊದಲ ಕೈಗೆ ಹತ್ತಿತ್ತು. ಮಾಸ್ತರ ಮನ್ಯಾಕಿ ಎರಡು. ಹತ್ತಿ ದಲಾಲರ ಹಿರೀಮಗಳು ಮೂರು…"

ಅವಳಿಗೆ ತಿಂಗಳು ವರ್ಷಗಳ ಲೆಕ್ಕವಿಲ್ಲ. ಬಾಣಂತನಗಳ ಲೆಕ್ಕ. ಡಾಕ್ಟರರು ನನ್ನ ಮುಖ ನೋಡಿದರು. ನಾನು ಒಂದೊಂದೇ ಮನೆಯನ್ನು ಮರಾಠಿಯಲ್ಲಿ ಹೇಳುತ್ತ ಹೋದೆ.

"ಹನ್ನೊಂದು, ಇವರು," ಎಂದು ನನ್ನ ಕಡೆ ಗದ್ದ ಎತ್ತಿದಳು.

ಅದನ್ನು ಮರಾಠಿಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಹದಿನಾಲ್ಕಕ್ಕೆ ನಿಲ್ಲಿಸಿದಳು. ನಡುವಿನ ಬಿಡುವು ಸೇರಿ ಎರಡು ವರ್ಷದ ಹತ್ತಿರ. ನನ್ನದು ಇಪ್ಪತ್ತೈದು ದಿನ. ಹದಿನಾಲ್ಕು ಮನೆಯ ಹೆಂಗಸರನ್ನು ದಿನಾಲು ಮುಟ್ಟಿದ ಮೈ ಅದು. ಒಬ್ಬರೂ ಅದನ್ನು ಮುಟ್ಟಿರಲಿಲ್ಲ. ಮುಟ್ಟಿಸಿಕೊಂಡು ತಂಬಿಗೆ ನೀರು ಹಾಕಿಸಿಕೊಂಡು ಒಳಗೆ ಹೋದವರು ನಾವು.

"ಇಷ್ಟು ದಿನ ಯಾಕೆ ಬರಲಿಲ್ಲ ಕೇಳು," ಎಂದರು ಡಾಕ್ಟರರು.

"ಬಾಣಂತೀನ ನಡುವ ಬಿಟ್ಟು ಹೆಂಗ ಬರಾಕ ಆಕ್ಕೈತ್ರಿ?" ಎಂದಳು.

ಆಪರೇಶನ್ ಆಗುವುದಿಲ್ಲ ಎಂದರು. ಮುಂಬೈಯಲ್ಲಿ ರೇಡಿಯಂ ಚಿಕಿತ್ಸೆ ಇದೆಯಂತಲ್ಲ ಎಂದು ನಮ್ಮವರು ಕೇಳಿದರು. ಅದಕ್ಕೂ ತಲೆ ಅಲ್ಲಾಡಿಸಿದರು. ಡ್ರೆಸಿಂಗ್ ಮಾಡುವುದನ್ನು ನನಗೆ ಕಲಿಸಿ ಕಳಿಸಿದರು.

ಒಂದು ತಿಂಗಳು ಅವಳ ಮನೆಗೆ ದಿನಾಲು ಹೋದೆ. ಅತ್ತೆಯವರು ಬೇಡವೆನ್ನಲಿಲ್ಲ. ನಾನು ತಿರುಗಿ ಬಂದಾಗ ಬಚ್ಚಲಲ್ಲಿ ಬಿಸಿನೀರು ಇಟ್ಟಿರುತ್ತಿದ್ದರು, ಅಷ್ಟೇ. ಫಕೀರವ್ವ ನೋವಿನಲ್ಲೂ ನನ್ನ ಬಲಗಡೆಯ ಎದೆಯನ್ನು ಎಡಗೈಯಿಂದ ಒತ್ತಿ ನೋಡುತ್ತಿದ್ದಳು. "ಈ ಕಡೆ ಏನಿಲ್ಲರಿ," ಅನ್ನುತ್ತಿದ್ದಳು. ಡಾಕ್ಟರರ ಮಾತಿಗಿಂತ ನನಗೆ ಅದರ ಮೇಲೆಯೇ ಹೆಚ್ಚು ಭರವಸೆ.

ಒಂದು ದಿನ ನನ್ನ ಕೈ ಹಿಡಿದು ತನ್ನ ಎಡಗಡೆಗೆ ಇಟ್ಟುಕೊಂಡಳು. ಅಲ್ಲೊಂದು ಹೊಸದು ಹುಟ್ಟಿತ್ತು.

"ಒತ್ತಿ ನೋಡ್ರಿ. ಹಾಲು ಗಂಟು ಆದ್ರ ಮೆತ್ತಗಾಗಿ ಇಳೀತೈತಿ. ಇದು ಇಳಿಯಂಗಿಲ್ಲ, ಜರಗಂಗಿಲ್ಲ. ಕೈಯಾಗ ನೆನಪಿಟ್ಕೋರಿ. ನಾ ಹೋದ್ಮ್ಯಾಲೆ ಯಾರು ನೋಡವ್ರು?"

ನಾನು ಒತ್ತಿ ನೋಡಿದೆ. ಅವಳು ಬಿಡ್ರಿ ಅನ್ನುವವರೆಗೂ ಬಿಡಲಿಲ್ಲ.

ಹದಿನೈದು ದಿನದ ಮೇಲೆ ಅವಳು ತೀರಿಕೊಂಡಳು. ಆ ಸೀರೆ ಉಟ್ಟಿರಲೇ ಇಲ್ಲ.

ನನ್ನ ಗಾಯ ವಾಸಿಯಾಗಿದೆ. ಎಡಗೈ ಮೇಲೆತ್ತಿದರೆ ಜಗ್ಗುತ್ತದೆ. ಮುಂದೆ ಏನೋ, ಡಾಕ್ಟರರೂ ಹೇಳುವುದಿಲ್ಲ. ಬದುಕಿದ್ದೇನೆ. ಅದಕ್ಕೆ ದೇವರಿಗೆ ಕೈ ಮುಗಿಯಬೇಕೆಂದು ಕೂತಾಗ ಫಕೀರವ್ವ ಬೆರಳ ಗೆಣ್ಣು ಎಣಿಸುವುದು ಕಾಣುತ್ತದೆ, ಅರ್ಧಕ್ಕೇ ಎದ್ದುಬಿಡುತ್ತೇನೆ.

ಕಳೆದ ವಾರ ನಾದಿನಿ ಹೆತ್ತಳು. ಅವಳ ಬಾಣಂತನ ನಮ್ಮಲ್ಲೇ. ಎಣ್ಣೆ ಹಚ್ಚಲು ಹೊಸ ಹೆಂಗಸು ಬಂದಳು, ನನಗಿಂತ ಸಣ್ಣವಳು. ಅತ್ತೆಯವರು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತರು. ನಾನು ಆಕೆಯನ್ನು ಮೊದಲು ಮಣೆಯ ಮೇಲೆ ಕೂಡಲು ಹೇಳಿದೆ. ಆಕೆ ಗಾಬರಿಯಾಗಿ ಅತ್ತೆಯವರ ಮುಖ ನೋಡಿದಳು.

"ಕೂಡು," ಎಂದರು ಅತ್ತೆ. "ಆಕಿ ಕೈಗೆ ಗೊತ್ತಾಗ್ತದ."

ಕೈಗೆ ಎಣ್ಣೆ ಹಚ್ಚಿಕೊಂಡು ಆಕೆಯ ಎದೆಯನ್ನು ಎರಡೂ ಕಡೆ ಒತ್ತಿ ನೋಡಿದೆ. ಏನೂ ಸಿಗಲಿಲ್ಲ. ಆಮೇಲೆ ನಾದಿನಿಯನ್ನು ಕರೆದೆ.