ಶನಿವಾರದ ಸೌದೆ ಹೊರೆ

ನಮ್ಮ ಮನೆಯವರು ಸುಬ್ಬಯ್ಯನವರು ಐವತ್ತೆರಡಕ್ಕೇ ಕೆಲಸ ಬಿಟ್ಟರು. ಹಾನುಬಾಳಿನ ಆಚೆಯ ಒಂದು ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷ ರೈಟರ್ ಆಗಿದ್ದವರು. ಆಳುಗಳ ಹಾಜರಿ ಹಾಕುವುದು, ಬಟವಾಡೆ ಮಾಡುವುದು, ಸಂಜೆ ಗೇಟಿನಲ್ಲಿ ನಿಂತು ಹೊರಗೆ ಹೋಗುವವರ ಚೀಲ, ಹೊರೆ ತಡಕುವುದು ಅವರ ಕೆಲಸ. ಮಗಳ ಮದುವೆ ಮುಗಿದಿತ್ತು, ಹಾನುಬಾಳಿನಲ್ಲಿ ಎರಡು ಕೋಣೆಯ ಮನೆ ಎದ್ದಿತ್ತು. ಉಳಿದ ದುಡ್ಡನ್ನೆಲ್ಲ ಬ್ಯಾಂಕಿನಲ್ಲಿ ಡೆಪಾಸಿಟ್ ಇಟ್ಟು, ‘ಬಡ್ಡೀಲಿ ಆರಾಮಾಗಿ ಇರ್ಬೋದು ಕಣೇ, ಅಸಲು ಮುಟ್ಟೋ ಹಂಗೇ ಇಲ್ಲ’ ಅಂದರು. ನನ್ನನ್ನು ಕೇಳಲಿಲ್ಲ. ಹೇಳಿದರು, ಅಷ್ಟೇ.

ಕೇಳಿದ್ದರೆ ಹೇಳುತ್ತಿದ್ದೆ. ಅವರು ಲೆಕ್ಕ ಹಾಕಿದ್ದು ತಮ್ಮ ಜೇಬಿನಿಂದ ಹೋಗುತ್ತಿದ್ದುದನ್ನು ಮಾತ್ರ. ಎಸ್ಟೇಟಿನ ಮನೆಗೆ ಬಾಡಿಗೆ ಇರಲಿಲ್ಲ, ಕರೆಂಟಿಗೆ ಬಿಲ್ಲಿರಲಿಲ್ಲ. ಹಾಲು ಧಣಿಗಳ ಕೊಟ್ಟಿಗೆಯಿಂದ ಬರುತ್ತಿತ್ತು. ಕಾಫಿಪುಡಿ, ಮೆಣಸು, ಬಾಳೆಗೊನೆ, ಕಿತ್ತಲೆ, ಯಾವುದನ್ನೂ ನಾವು ಅಂಗಡಿಯಲ್ಲಿ ಕೊಂಡವರಲ್ಲ. ಸೌದೆಯನ್ನಂತೂ ಆಳುಗಳೇ ತಂದು ಹಿತ್ತಲಲ್ಲಿ ಒಟ್ಟಿ ಹೋಗುತ್ತಿದ್ದರು. ಊರಿನ ಆಳುಗಳ ಲೆಕ್ಕವನ್ನೆಲ್ಲ ಬಾಯಲ್ಲೇ ಒಪ್ಪಿಸುತ್ತಿದ್ದ ಮಹಾನುಭಾವರಿಗೆ ತಾವು ಕುಡಿಯುವ ಕಾಫಿ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ.

ಯುಗಾದಿ ಕಳೆದು ಹಾನುಬಾಳಿಗೆ ಬಂದೆವು. ಮೊದಲ ಸಲ ಕಾಫಿಪುಡಿ ತರಲು ಹೋದವರು ಅಂಗಡಿಯವನ ಜೊತೆ ಜಗಳ ಆಡಿ ಬರಿಗೈಯಲ್ಲಿ ಬಂದರು. ‘ನಮ್ ತೋಟದ್ ಕಾಫೀನ ನಂಗೇ ಮಾರ್ತಾನಲ್ಲೇ’ ಅಂದರು. ನಮ್ಮ ತೋಟವಂತೆ! ಅಂಗೈಯಗಲದ ತೋಟವೂ ನಮಗಿಲ್ಲ.

ಅಂಗಡಿಯವನ ಮೇಲಿನ ಸಿಟ್ಟು ಬಂದು ಬೀಳುವುದು ನನ್ನ ಮೇಲೆ. ಒಗ್ಗರಣೆಗೆ ಎಣ್ಣೆ ಜಾಸ್ತಿ ಆಯಿತು, ಹಾಲಿಗೆ ನೀರು ಯಾಕೆ ಬೆರೆಸಲಿಲ್ಲ, ಪಕ್ಕದ ಮನೆಯವಳಿಗೆ ಕಾಫಿ ಯಾಕೆ ಕೊಟ್ಟೆ. ಎದ್ದರೆ ಬಿದ್ದರೆ ಒಂದೇ ಮಾತು, ‘ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣೇ.’ ಹಾಸಿಗೆ ಹಾಸುವವಳು ನಾನು, ಮಡಿಸುವವಳು ನಾನು, ಕಾಲು ಚಾಚಿಕೊಂಡು ಮಲಗುವವರು ಇವರು.

ಮಳೆಗಾಲ ಹಿಡಿಯಿತು. ಇವರಿಗೆ ಎರಡು ಹೊತ್ತೂ ಸ್ನಾನಕ್ಕೆ ಬಿಸಿನೀರು ಬೇಕು. ಸೌದೆಯಿಲ್ಲದೆ ಬಚ್ಚಲುಮನೆಯ ಹಂಡೆ ಸುಮ್ಮನೆ ಕೂತಿತ್ತು. ನೀರನ್ನೂ ಗ್ಯಾಸಿನಲ್ಲೇ ಕಾಯಿಸಿ ಕಾಯಿಸಿ, ಸಿಲಿಂಡರು ತಿಂಗಳು ತುಂಬುವ ಮೊದಲೇ ಖಾಲಿಯಾಗುತ್ತಿತ್ತು. ದೀಪಾವಳಿಯ ಹೊತ್ತಿಗೆ ಬಡ್ಡಿ ಸಾಲದೇ ಹೋಯಿತು.

‘ಡೆಪಾಸಿಟ್ಟು ಒಂಚೂರು ಮುರ್ಸಣ’ ಅಂದರು.

‘ಕೂತು ಉಂಡ್ರೆ ಕುಡಿಕೆ ಹೊನ್ನೂ ಸಾಲ್ದು ಅಂತ ಸುಮ್ನೆ ಹೇಳವ್ರಾ? ಇವತ್ತು ಸೌದೆಗೆ ಮುರೀತೀರ, ನಾಳೆ ಉಪ್ಪಿಗೆ ಮುರೀತೀರ. ಆಮೇಲೆ ಮಗಳ ಮನೆ ಬಾಗ್ಲಲ್ಲಿ ಹೋಗಿ ನಿಂತ್ಕೊಳಣ್ವಾ?’ ಅಂದೆ. ಅದೊಂದು ದುಡ್ಡು ಹೋದರೆ ಸಾಯುವವರೆಗೂ ನಮಗೆ ಬೇರೆ ದಿಕ್ಕಿಲ್ಲ.

ಅವರು ಹಗ್ಗ ತೆಗೆದುಕೊಂಡು ಎಸ್ಟೇಟಿಗೆ ಹೊರಟರು. ಅವತ್ತು ಶನಿವಾರ. ಶನಿವಾರ ಕೆಲಸ ಬಿಟ್ಟ ಮೇಲೆ ಎಸ್ಟೇಟಿನ ಆಳುಗಳು ತಲೆಗೊಂದು ಹೊರೆ ಒಣಸೌದೆ ಕಟ್ಟಿಕೊಂಡು ಹೋಗಬಹುದು. ಆ ವಾರದ ಹಾಜರಿಯಲ್ಲಿ ಹೆಸರಿರಬೇಕು, ಹೊರೆಯನ್ನು ಗೇಟಿನಲ್ಲಿ ತೋರಿಸಬೇಕು. ಈ ಕಟ್ಟಳೆ ಮಾಡಿದವರು ಇವರೇ.

ಕತ್ತಲಾಗುವ ಹೊತ್ತಿಗೆ ಬರೀ ಹಗ್ಗ ಹಿಡಿದುಕೊಂಡು ವಾಪಸು ಬಂದರು. ಇವರೇ ಕೆಲಸ ಕಲಿಸಿದ ಸುನಿಲ್‌ಕುಮಾರ್ ಈಗ ಅಲ್ಲಿ ರೈಟರು. ‘ಸಾರ್, ಹಾಜರೀಲಿ ಹೆಸರಿಲ್ದೋರಿಗೆ ಸೌದೆ ಇಲ್ಲ ಅಂತ ನೀವೇ ತಾನೆ ಮಾಡಿದ್ದು’ ಅಂದನಂತೆ.

‘ಎಲ್ರ ಎದ್ರಿಗೇ ಗೇಟಿಂದ್ಲೇ ವಾಪಸ್ ಕಳಿಸ್ಬುಟ್ಟ ಕಣೇ, ಒಂದು ಕಡ್ಡಿ ಮುಟ್ಟಕ್ಕೂ ಬಿಡ್ಲಿಲ್ಲ. ಆಳುಗಳು ನಗ್ತಾ ನಿಂತಿದ್ರು’ ಅಂದರು. ನನಗೂ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ, ‘ನೀರು ಕಾಯ್ಸು, ಸ್ನಾನ ಮಾಡ್ಬೇಕು’ ಅಂದರು ನೋಡಿ, ನನ್ನ ಮೈಯೆಲ್ಲ ಉರಿದುಹೋಯಿತು.

‘ರಿಟೈರ್ ಆಗಿರೋದು ನೀವು. ನಂಗ್ಯಾರ್ರೀ ಕೊಟ್ಟವ್ರೆ ರಿಟೈರ್‌ಮೆಂಟು? ನೀವು ಕೆಲಸ ಬಿಟ್ರಿ, ನಂಗೆ ಎರಡರಷ್ಟಾಯ್ತು. ಅವತ್ತು ಒಂದು ಮಾತು ಕೇಳಿದ್ರೆ ನಿಮ್ ಗಂಟೇನು ಹೋಗ್ತಿತ್ತು?’

ತಣ್ಣೀರಿನಲ್ಲೇ ಮುಖ ತೊಳೆದು ಮಲಗಿದರು.

ಕಾಫಿ ಹಣ್ಣಿನ ಕೊಯ್ಲು ಶುರುವಾಗಿತ್ತು. ನಮ್ಮ ಬೀದಿಯ ಹುಲಿಯಮ್ಮ ದಿನಾ ಬೆಳಿಗ್ಗೆ ಜೀಪು ಹತ್ತಿ ಅದೇ ಎಸ್ಟೇಟಿಗೆ ಹೋಗುವವಳು. ಸೋಮವಾರ ಅವಳ ಜೊತೆ ನಿಂತೆ.

‘ನಂಗೂ ಒಂದು ಬುಟ್ಟಿ ಕೊಡ್ಸು ಹುಲಿಯಮ್ಮ.’

‘ತಮಾಸೆ ಮಾಡ್ಬ್ಯಾಡಿ ರೈಟರಮ್ಮ’ ಅಂದಳು. ಆಮೇಲೆ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಇವರು ಬೀದಿಯವರೆಗೂ ಓಡಿ ಬಂದರು. ‘ರೈಟರ್ ಹೆಂಡ್ತಿ ಕೂಲಿಗೆ ಹೋಯ್ತಾಳೆ ಅಂದ್ರೆ ನನ್ ಮರ್ಯಾದೆ ಏನಾಗ್ಬೇಡ?’

‘ನಿಮ್ ಮರ್ಯಾದೆ ಉರಿಸಿ ಹಂಡೆ ಕಾಯ್ಸಕ್ಕಾಗಲ್ಲ ಕಣ್ರೀ’ ಅಂದೆ. ಜೀಪು ಹೊರಟಿತು.

ವಾರವೆಲ್ಲ ಹಣ್ಣು ಕೊಯ್ದೆ. ಕೆಂಜಿಗದ ಇರುವೆ ಕಚ್ಚಿ ಕುತ್ತಿಗೆಯೆಲ್ಲ ದದ್ದು, ರೆಂಬೆ ಗೀರಿ ಕೈಯೆಲ್ಲ ಗಾಯ. ಶನಿವಾರ ಬಟವಾಡೆ ಆಯಿತು. ಡೆಪಾಸಿಟ್ ಮುಟ್ಟದೆ ತಿಂಗಳು ದಾಟಬಹುದು ಅನ್ನುವ ಧೈರ್ಯ ಬಂತು. ಹುಲಿಯಮ್ಮ ಹೊರೆ ಕಟ್ಟುವುದನ್ನು ತೋರಿಸಿಕೊಟ್ಟಳು. ಗೇಟಿನಲ್ಲಿ ಸುನಿಲ್‌ಕುಮಾರ್ ನನ್ನನ್ನು ಕಂಡು ತಲೆ ತಗ್ಗಿಸಿ, ‘ನೀವು ಹೋಗಿ ಅಕ್ಕ’ ಅಂದ.

‘ಎಲ್ರದ್ದೂ ತಡಕ್ತೀಯಲ್ಲಪ್ಪ, ನಂದೂ ತಡಕು’ ಅಂದೆ. ತಡಕಿದ ಮೇಲೆಯೇ ಹೊರಟೆ.

ಜೀಪಿನಿಂದ ಇಳಿದು ಮನೆಯವರೆಗೆ ಹೊರೆ ಹೊತ್ತು ನಡೆದೆ. ಇವರು ಜಗಲಿಯಲ್ಲಿ ಕೂತಿದ್ದವರು ಎದ್ದು ಬಂದರು. ಇಪ್ಪತ್ತೆಂಟು ವರ್ಷದ ಅಭ್ಯಾಸ, ಕೈ ನೆಟ್ಟಗೆ ಹೊರೆಯ ನಡುವಿಗೇ ಹೋಯಿತು, ಒಳಗೆ ಮೆಣಸು ಗಿಣಸು ಬಚ್ಚಿಟ್ಟಿದೆಯಾ ಅಂತ.

‘ತಡಕಿದ್ದಾಗೈತೆ. ಮೊದ್ಲು ಇಳಿಸಿ’ ಅಂದೆ.

ಎರಡೂ ಕೈ ಕೊಟ್ಟು ಇಳಿಸಿಕೊಂಡರು. ಭಾರಕ್ಕೆ ಸೊಂಟ ಬಗ್ಗಿ ಹೊರೆಯ ಸಮೇತ ಜಗಲಿಗೆ ಕುಸಿದರು. ಏದುಸಿರು ಬಿಡುತ್ತಾ ಅದನ್ನೇ ನೋಡಿದರು.

‘ಇಷ್ಟ್ ಭಾರ ಇರ್ತೈತಾ ಇದು?’ ಅಂದರು.

ಅವರ ಮುಂದೆ ಆ ಗೇಟು ದಾಟಿದ ಹೊರೆಗಳಿಗೆ ಲೆಕ್ಕವಿಲ್ಲ. ಒಂದನ್ನೂ ಎತ್ತಿ ನೋಡಿದವರಲ್ಲ.

‘ಹಂಡೆಗೆ ನೀರು ತುಂಬಿ ಒಲೆ ಹಚ್ಚಿ’ ಅಂದೆ. ‘ಇವತ್ತು ಮೊದಲ್ನೇ ಸ್ನಾನ ನಂದು.’