ಮುಂಬಾಗಿಲಿಗೆ ಹೊರಟ ಬಚ್ಚಲ ನೀರು

ನನ್ನ ಅಣ್ಣ ಕನ್ನಡಕ ಹಾಕಿಕೊಳ್ಳುವಂತಾದದ್ದಕ್ಕೆ ನಾನು ಕಾರಣ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ದೂರದ ಬಸ್ಸಿನ ಬೋರ್ಡು ನನಗಿಂತ ಮೊದಲು ಅವನಿಗೇ ಕಾಣುತ್ತಿತ್ತು. ಓದುವುದು ಮಾತ್ರ ಇಬ್ಬರಿಗೂ ಅಷ್ಟಕ್ಕಷ್ಟೆ. ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವನು.

ನಮ್ಮದು ತುಮಕೂರಿನಲ್ಲಿ ಗಾರೆ ಕೆಲಸದ ಮನೆತನ. ಅಣ್ಣ ಕುಣಿಗಲ್ಲಿನ ಒಬ್ಬ ಉಸ್ತಾದರ ಕೈಕೆಳಗೆ ವರ್ಷಗಟ್ಟಲೆ ದುಡಿದು, ಎಪ್ಪತ್ತರ ದಶಕದ ಕೊನೆಯಲ್ಲಿ ತಾನೇ ಮೇಸ್ತ್ರಿಯಾದ. ಆವತ್ತು ಉಸ್ತಾದರು ತಾವು ಬಳಸುತ್ತಿದ್ದ ಕರಣೆಯನ್ನೇ ಅವನ ಕೈಗೆ ಕೊಟ್ಟರು. ನಮ್ಮವರಲ್ಲಿ ಅದು ದೊಡ್ಡ ಮಾತು. ಕೆಲಸದಲ್ಲಿ ತಗಾದೆ ಬಂದರೆ ಮೇಸ್ತ್ರಿ ಆ ಕರಣೆಯನ್ನು ತಂದು ಉಸ್ತಾದರ ಮುಂದೆ ಇಡಬೇಕು. ತಪ್ಪು ಅವನದೇ ಎಂದು ತೀರ್ಮಾನವಾದರೆ ಕರಣೆ ವಾಪಸ್ಸು ಬರುವುದಿಲ್ಲ. ಆಮೇಲೆ ಆತ ಮತ್ತೆ ಯಾರದೋ ಕೈಕೆಳಗೆ ಗಾರೆಯ ಕಲಸು ಹೊರಬೇಕು.

ಅಣ್ಣನಿಗೆ ಸಿಕ್ಕ ಮೊದಲ ಮನೆ ಗುಬ್ಬಿಯ ಆಚೆ, ತೆಂಗಿನ ತೋಟದ ಗೌಡರೊಬ್ಬರದು. ನಾನು ಅವನ ಜೊತೆ ಕೆಲಸಕ್ಕಿದ್ದೆ. ಮದುವೆ ವಯಸ್ಸು ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ನೆಲ ಹಾಕುವ ಮೊದಲು ನಾಲ್ಕು ಗೋಡೆಗೂ ಮಂಡಿಯೆತ್ತರಕ್ಕೆ ಒಂದು ನೀಲಿ ಗೆರೆ ಹೊಡೆಯುತ್ತಾರೆ. ಆ ಗೆರೆಯಿಂದ ಕೆಳಕ್ಕೆ ಅಳೆದುಕೊಂಡು ನೆಲ ಹಾಕುವುದು. ಗೆರೆ ಮಟ್ಟವಾಗಿರಬೇಕೆಂದರೆ ಉದ್ದನೆಯ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ, ಈ ತುದಿ ಒಬ್ಬ, ಆ ತುದಿ ಒಬ್ಬ ಹಿಡಿಯಬೇಕು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನಡೆಯುವಾಗ ಚೆಲ್ಲದಿರಲಿ ಎಂದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿರುತ್ತೇವೆ. ಗೋಡೆಯ ಹತ್ತಿರ ಬಂದಮೇಲೆ ಬೆರಳು ತೆಗೆಯಬೇಕು. ತೆಗೆಯದಿದ್ದರೆ ನೀರು ಇದ್ದಲ್ಲೇ ಕಚ್ಚಿಕೊಂಡು, ಪೈಪು ಎಲ್ಲಿಗೆ ಹೋದರೆ ಅಲ್ಲಿಗೆ ಬರುತ್ತದೆ.

ನಾನು ತೆಗೆಯಲಿಲ್ಲ. ಆವತ್ತು ಹೊಸ ಬೆಲ್‌ಬಾಟಮ್ ಪ್ಯಾಂಟು ಹಾಕಿಕೊಂಡು ಬಂದಿದ್ದೆ. ಸಾಯಂಕಾಲ ಗುಬ್ಬಿಯ ಟೆಂಟಿನಲ್ಲಿ ಸಿನಿಮಾ ನೋಡುವುದಿತ್ತು. ಬೆರಳು ತೆಗೆದರೆ ನೀರು ಚೆಲ್ಲಿ, ಪ್ಯಾಂಟು ಎಲ್ಲಿ ಒದ್ದೆಯಾಗಬಾರದೋ ಅಲ್ಲೇ ಒದ್ದೆಯಾಗುತ್ತಿತ್ತು. ಆ ಕಡೆಯಿಂದ ಅಣ್ಣ ಕೂಗಿದ.

"ನಿಂತೈತೇನ್ಲಾ ನೀರು?"

"ನಿಂತದೆ ಭಾಯ್."

"ಅಲ್ಲಾಡ್ತಿಲ್ಲ ತಾನೆ?"

"ಒಂಚೂರೂ ಇಲ್ಲ."

ಅಲ್ಲಾಡುವುದಾದರೂ ಹೇಗೆ? ಅದು ನಿಂತಲ್ಲಿಗೇ ಗೋಡೆಗೆ ನೀಲಿ ಗುರುತು ಹಾಕಿದೆ.

ನೆಲ ಮುಗಿಯಿತು. ಕೆಂಪು ಬಣ್ಣದ ನೆಲವನ್ನು ಅಣ್ಣ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ್ದ. ಗೃಹಪ್ರವೇಶಕ್ಕೆ ಮುಂಚೆ ಗೌಡರ ತಾಯಿ ಹೊಸ ಬಚ್ಚಲನ್ನು ತೊಳೆಯೋಣವೆಂದು ಒಂದು ಹಂಡೆ ನೀರು ಸುರಿದರು. ನೀರು ಹಿಂದಿನ ತೂತಿನ ಕಡೆ ತಿರುಗಿಯೂ ನೋಡಲಿಲ್ಲ. ಬಚ್ಚಲಿನ ಬಾಗಿಲು ದಾಟಿ, ನಡುಮನೆಯ ಮಧ್ಯದಲ್ಲೇ ಹಾದು, ಊಟ ಮುಗಿಸಿದ ನೆಂಟರ ಹಾಗೆ ಮುಂಬಾಗಿಲಲ್ಲಿ ಇಳಿದು ಹೋಯಿತು.

"ಲಕ್ಷ್ಮಿ ಬರೋ ಬಾಗ್ಲಲ್ಲಿ ಬಚ್ಚಲ್ ನೀರು ಹೋಯ್ತದಲ್ಲಪ್ಪ ಮೇಸ್ತ್ರಿ," ಎಂದು ಮುದುಕಿ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತರು.

ಗೌಡರು ನೆಲವನ್ನೆಲ್ಲ ಕಿತ್ತು ಮತ್ತೆ ಹಾಕು ಎಂದರು. ಅಣ್ಣ ಒಪ್ಪಲಿಲ್ಲ. ನೆಲ ಸರಿಯಾಗಿ ಒಣಗುವ ಮುಂಚೆಯೇ ಗೌಡರು ಮುಂಬಾಗಿಲ ಒಳಪಕ್ಕದಲ್ಲಿ ತೆಂಗಿನಕಾಯಿ ರಾಶಿ ಹಾಕಿಸಿದ್ದರು. "ಕಾಯಿ ಭಾರಕ್ಕೆ ಆ ಮೂಲೆ ಕುಸ್ದದೆ," ಎಂದು ಅವನ ವಾದ. ಪಾಪ, ಹಾಗೆಂದು ನಿಜವಾಗಿಯೂ ನಂಬಿದ್ದ.

ಕೊನೆಗೆ ಪಂಚಾಯ್ತಿ ಸೇರಿತು. ನಮ್ಮ ಕಡೆಯಿಂದ ಕುಣಿಗಲ್ ಉಸ್ತಾದರು, ಅವರ ಕಡೆಯಿಂದ ಚೇಳೂರಿನಲ್ಲಿದ್ದ ಗೌಡರ ಸೋದರಮಾವ. ಅಣ್ಣ ಕರಣೆ ತೊಳೆದು ತಂದು ಉಸ್ತಾದರ ಮುಂದೆ ಇಟ್ಟ. ಹಿಡಿಯನ್ನು ಅವರ ಕಡೆ ತಿರುಗಿಸಿ ಹಿಂದಕ್ಕೆ ಸರಿದು ನಿಂತ.

ಚೇಳೂರಿನ ಮಾವ ಒಂದು ನಿಂಬೆಹಣ್ಣು ತರಿಸಿ ನೆಲಕ್ಕೆ ಬಿಟ್ಟರು. ಅದು ಮುಂಬಾಗಿಲಿಗೆ ಉರುಳಿ ಹೋಯಿತು.

"ನೀವು ತಳ್ಳಿದ್ರಿ," ಎಂದರು ಉಸ್ತಾದರು.

"ತಳ್ನಿಲ್ಲ, ಬುಟ್ಟೆ."

"ಬಿಡೋದ್ರಲ್ಲೂ ಒಂದ್ ತಳ್ಳೋದು ಇರ್ತದೆ ಯಜಮಾನ್ರೆ."

ಉಸ್ತಾದರು ಬಾಗಿಲ ಕಡೆಯಿಂದ ತಾವೇ ಉರುಳಿಸಿದರು. ಹಣ್ಣು ಸ್ವಲ್ಪ ದೂರ ಹೋಗಿ, ಯೋಚನೆ ಮಾಡಿ, ಅವರ ಹತ್ತಿರಕ್ಕೇ ಬಂತು.

"ನಿಮ್ಮನ್ನ ಬುಟ್ಟು ಇರಾಕಾಗ್ನಿಲ್ಲ ಅದ್ಕೆ," ಎಂದರು ಮಾವ.

ಇಬ್ಬರೂ ನೆಲದ ಮೇಲೆ ಕೂತು ನಿಂಬೆಹಣ್ಣಿನಲ್ಲಿ ಆಡುವುದನ್ನು ನೋಡಿ ಗೌಡರಿಗೆ ರೇಗಿತು. ಆಗ ಅಣ್ಣ, "ಸುಣ್ಣ ಇನ್ನೂ ಹೊಡೆದಿಲ್ಲ, ಗೆರೆ ಹಂಗೇ ಐತೆ. ಪೈಪಲ್ಲೇ ನೋಡಿ. ಗೆರೆ ತಪ್ಪಿದ್ರೆ ಕರಣೆ ಇಟ್ಕೊಳಿ," ಎಂದ.

ಅವನು ಬಚ್ಚಲ ಕಡೆ ಹೋದ, ನಾನು ಮುಂಬಾಗಿಲ ಕಡೆ. ಗೋಡೆಗೆ ಪೈಪು ಒತ್ತಿ ಹೆಬ್ಬೆರಳು ತೆಗೆದೆ. ನೀರು ಸರಕ್ಕನೆ ಏರಿ, ಗೆರೆಗಿಂತ ಎರಡು ಬೆರಳು ಮೇಲೆ ನಿಂತಿತು. ಗೆರೆ ತಪ್ಪಿರುವುದೂ, ತಪ್ಪಿಸಿದವನು ನಾನೆಂಬುದೂ ನನಗೆ ಅರ್ಥವಾದದ್ದು ಆ ಗಳಿಗೆಯಲ್ಲಿ. ಬಾಯಿ ಬಿಟ್ಟು ಹೇಳಬಹುದಾಗಿತ್ತು. ಉಸ್ತಾದರು ಎಲ್ಲರೆದುರು ನನ್ನ ಪ್ಯಾಂಟಿನ ಅಗಲ ಅಳೆಯುತ್ತಾರೆಂದು ಹೆದರಿದೆ. ಹೆಬ್ಬೆರಳನ್ನು ಮತ್ತೆ ಒತ್ತಿ, ನೀರು ಗೆರೆಗೆ ಸರಿಯಾಗುವವರೆಗೆ ಪೈಪನ್ನು ಕೆಳಕ್ಕಿಳಿಸಿದೆ. ಮೊದಲನೆಯದು ಬೇಕೆಂದು ಮಾಡಿದ್ದಲ್ಲ. ಇದು ಬೇಕೆಂದೇ ಮಾಡಿದ್ದು.

ಮಾವ ಬಂದು ಬಗ್ಗಿ ನೋಡಿದರು. "ಸರ್ಯಾಗಿ ಗೆರೆ ಮ್ಯಾಲೇ ಅದೆ," ಎಂದರು. ಅಣ್ಣನ ತುದಿ ನೋಡಿದ ಉಸ್ತಾದರೂ ಅದನ್ನೇ ಹೇಳಿದರು. ಗೆರೆಯಿಂದ ನೆಲಕ್ಕೆ ಅಳೆದರೆ ಎಲ್ಲ ಕಡೆಯೂ ಒಂದೇ ಸಮ. ಉಸ್ತಾದರು ಬಹಳ ಹೊತ್ತು ಗಡ್ಡ ಸವರಿಕೊಂಡರು.

"ಲೆವೆಲ್ ಸರಿ ಇದೆ. ನೀರೇ ತಪ್ಪಾಗಿ ಹೋಗ್ತಿದೆ."

"ಹಂಗಾದ್ರೆ ನೀರ್ನೇ ಕರ್ಸಿ ಕೇಳಾನ ಬುಡಿ," ಎಂದರು ಮಾವ.

ತೀರ್ಮಾನ ಮಾಡಿದ್ದು ಮುದುಕಿ. ಮನೆಯೊಳಗೆ ಕಾಯಿ ಹಾಕುವುದು ಅವರಿಗೆ ಮೊದಲಿನಿಂದಲೂ ಆಗದು. "ಪೈಪ್ ಯಾಕೆ ಸುಳ್ ಹೇಳ್ತದೆ? ಕಾಯಿದೇ ತಪ್ಪು," ಎಂದು ಮಗನ ಮೇಲೆ ಹಾರಿದರು. ಬಚ್ಚಲಿನ ಬಾಗಿಲಿಗೆ ಅಡ್ಡಗಟ್ಟೆ ಕಟ್ಟಿ, ಒಳಗೆ ಹಿಂದಕ್ಕೆ ಇಳಿಜಾರು ಕೊಡುವುದು ಅಣ್ಣನ ಪಾಲು. ಕಾಯಿ ತೆಗೆಸುವುದು ಗೌಡರ ಪಾಲು. ನಡುಮನೆ ಇದ್ದಂತೆಯೇ ಇರಲಿ ಎಂದಾಯಿತು. ಕರಣೆ ವಾಪಸ್ಸು ಬಂತು.

ನಾನು ಬದುಕಿಕೊಂಡೆ ಎಂದುಕೊಂಡೆ. ಆದರೆ ತುಮಕೂರಿಗೆ ಬರುವ ಬಸ್ಸಿನಲ್ಲಿ ಅಣ್ಣ, "ನಿಂಬೆಹಣ್ಣು ಉರುಳಿದ್ದು ನಿಜ ಕಣೋ. ಪೈಪೂ ನಿಜ. ಹಂಗಾದ್ರೆ ನನ್ನ ಕಣ್ಣೇ ಸರಿಯಿಲ್ಲ," ಎಂದ. ಬಸ್ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಕನ್ನಡಕ ಹರಡಿಕೊಂಡು ಕೂತಿದ್ದವನ ಹತ್ತಿರ ಒಂದೊಂದಾಗಿ ಹಾಕಿ ನೋಡಿ, ಎದುರಿನ ಕಟ್ಟಡ ಯಾವುದರಲ್ಲಿ ನೆಟ್ಟಗೆ ಕಂಡಿತೋ ಅದನ್ನು ಕೊಂಡ. ಹಾಕಿದ ದಿನದಿಂದ ತಲೆನೋವು. ಹೊಸ್ತಿಲು ಎಡವುವುದು ಬೇರೆ. ಜನ ಮಾತ್ರ ಕನ್ನಡಕದ ಮೇಸ್ತ್ರಿ ತಿಳಿದವನೆಂದು ಹುಡುಕಿಕೊಂಡು ಬಂದರು. ಊರಾಚೆಯ ಅಂತರಸನಹಳ್ಳಿಯಲ್ಲಿ ಫ್ಯಾಕ್ಟರಿ ಶೆಡ್ಡುಗಳ ಕೆಲಸವೆಲ್ಲ ಅವನಿಗೇ ಸಿಕ್ಕಿತು. ಸಾಯಂಕಾಲ ಮನೆಗೆ ಬಂದು ಒದ್ದೆ ಬಟ್ಟೆ ಹಣೆಗೆ ಕಟ್ಟಿಕೊಂಡು ಮಲಗುತ್ತಿದ್ದ. ಆ ಬಟ್ಟೆ ಒದ್ದೆ ಮಾಡಿ ಕೊಡುತ್ತಿದ್ದವನು ನಾನೇ.

ಕೆಲವು ವರ್ಷ ಹಾಗೇ ಹೋಯಿತು. ಎಂಬತ್ತರ ದಶಕದ ಮಧ್ಯದಲ್ಲಿ, ಒಂದು ರಂಜಾನಿನ ಮಾರನೆಯ ದಿನ, ಬಟ್ಟೆ ಹಿಂಡುತ್ತಾ ಹಿಂಡುತ್ತಾ ಎಲ್ಲ ಹೇಳಿಬಿಟ್ಟೆ. ಬೆರಳು, ಪ್ಯಾಂಟು, ಎರಡನೆಯ ಸಲ. ಅಣ್ಣ ಎದ್ದು ಕೂತ.

"ಪ್ಯಾಂಟಿಗೋಸ್ಕರ?"

"ಹೂಂ ಭಾಯ್."

"ನಡಿ ಗುಬ್ಬಿಗೆ."

ಗೌಡರ ಮುಂದೆ ನಿಲ್ಲಿಸಿ ನನ್ನ ಬಾಯಿಂದಲೇ ಹೇಳಿಸಿದ. ನೆಲ ಪೂರ್ತಿ ಕಿತ್ತು ಹೊಸದಾಗಿ ಹಾಕಿಕೊಡುತ್ತೇನೆ ಎಂದ. ಗೌಡರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರ ಮುಖ ಹಬ್ಬದಂತಾಗಿತ್ತು. ಒಳಕ್ಕೆ ತಿರುಗಿ ಕೂಗಿದರು.

"ಅವ್ವಾ, ಕೇಳುಸ್ಕಂಡಾ? ಕಾಯಿದಲ್ಲಂತೆ ತಪ್ಪು. ಇಷ್ಟ್ ವರ್ಸ ಬೈದಲ್ಲ ನನ್ನ."

"ಯಾರ್ದಾರಾ ಆಗ್ಲಿ," ಎಂದು ಒಳಗಿನಿಂದ ಉತ್ತರ ಬಂತು. "ಕಾಯಿ ಒಳೀಕ್ ತರ್ಬ್ಯಾಡ. ನೆಲಾನೂ ಕೀಳ್ಬ್ಯಾಡಿ. ತೊಳುದ್ರೆ ನೀರು ತಾನೇ ಆಚೀಕ್ ಹೋಯ್ತದೆ, ನನ್ ಸೊಂಟಕ್ಕೆ ಸುಖ."

ಅಣ್ಣ ನಡುಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕನ್ನಡಕ ತೆಗೆದು, ಅಂಗೈಯಿಂದ ನೆಲವನ್ನು ಸವರಿ ನೋಡಿದ. ಮತ್ತೆ ಕನ್ನಡಕ ಹಾಕಿಕೊಂಡ. "ಇನ್ನು ಬೇಡ ಅಲ್ವಾ ಭಾಯ್ ಅದು?" ಎಂದು ಕೇಳಿದೆ.

"ಇದಿಲ್ದಿದ್ರೆ ಅಂತರಸನಹಳ್ಳೀಲಿ ಯಾರೂ ಗುರುತು ಹಿಡಿಯಲ್ಲ," ಎಂದನೇ ಹೊರತು ನನ್ನ ಮುಖ ನೋಡಲಿಲ್ಲ.

ವಾಪಸ್ಸು ಬರುವಾಗ ಬಸ್ಸು ಖಾಲಿಯಿತ್ತು. ಅವನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತ. ಪಕ್ಕದ ಜಾಗದಲ್ಲಿ ಟವೆಲ್ ಇಟ್ಟುಕೊಂಡಿದ್ದರಿಂದ ನಾನು ಕೊನೆಯ ಸೀಟಿಗೆ ಹೋದೆ. ಕಂಡಕ್ಟರ್ ನನ್ನ ಹತ್ತಿರ ಬಂದಾಗ ಟಿಕೆಟ್ಟಿಗೆಂದು ಜೇಬಿಗೆ ಕೈ ಹಾಕಿದೆ. "ನಿಮ್ದೂ ಅವ್ರೇ ತಗೊಂಡವ್ರೆ," ಎಂದು ಮುಂದೆ ಹೋದ.