ಹೋಗುವಾಗಿನದು ಸರಿ, ಬರುವಾಗಿನ ಪೆಟ್ರೋಲು?

ಒಂದು ತಟ್ಟೆ ಕಾಣೆ ಮೀನಿನ ಫ್ರೈಗೆ ಮನುಷ್ಯ ಎಷ್ಟು ಸುಳ್ಳು ಹೇಳಬಹುದು?

ನಾನು ಒಂದೇ ಒಂದು ಹೇಳಿದೆ. ಅದೂ ಬಾಯಿಬಿಟ್ಟು ಅಲ್ಲ. ಬರೀ ತಲೆಯಾಡಿಸಿದೆ. ಅಷ್ಟಕ್ಕೇ ನನ್ನ ತಂಗಿಯ ಮಗಳ ಮನೆ ಮುಳುಗುವುದರಲ್ಲಿತ್ತು.

ವಾರ ವಾರ ಈ ಮೂಲೆಯಲ್ಲಿ ನನ್ನ ಸಮುದ್ರದ ಬಡಾಯಿ ಓದುವವರಿಗೆ ಗೊತ್ತು, ನಾನು ಹೈಸ್ಕೂಲು ಮುಗಿಸಿ ನೇರ ಬೋಟು ಹತ್ತಿದವನು. ಮಲ್ಪೆಯಲ್ಲಿ ತಾಂಡೇಲನಾಗಿ, ಅಂದರೆ ಬೋಟು ನಡೆಸುವವನಾಗಿ, ಕೂದಲು ಬೆಳ್ಳಗೆ ಮಾಡಿಕೊಂಡವನು. ಈಗ ಕಾಪುವಿನ ಮನೆಯ ಜಗುಲಿಯಲ್ಲಿ ಕೂತು ಪೇಪರಿನಲ್ಲಿ ಬುದ್ಧಿ ಹೇಳುತ್ತೇನೆ. ಈ ವಾರ ಬುದ್ಧಿ ಹೇಳುವ ಮುಖ ಇಲ್ಲ. ತಪ್ಪೊಪ್ಪಿಗೆ ಮಾತ್ರ.

ವಿಷಯ ಬೋಟಿನದ್ದೇ. ತಂಗಿಯ ಮಗಳು ಸುಗಂಧಿ ಕಾರ್ಕಳದಲ್ಲಿ ಕ್ಯಾಟರಿಂಗ್ ಮಾಡುತ್ತಾಳೆ. ಗಂಡ ಜಗದೀಶ ಮಸ್ಕತ್ತಿನಲ್ಲಿ ಎಸಿ ರಿಪೇರಿ ಮಾಡುತ್ತಿದ್ದವ, ಈಗ ಊರಿಗೇ ಬಂದಾಗಿದೆ. ಇಬ್ಬರಿಗೂ ಒಂದು ಆಸೆ. ಉದ್ಯಾವರ ಹೊಳೆಯಲ್ಲಿ ಕ್ಯಾಬಿನ್ ಇರುವ ಒಂದು ಮೋಟಾರ್ ಕ್ರೂಸರ್ ಇಳಿಸಬೇಕು. ಮಣಿಪಾಲದಲ್ಲಿ ಮಕ್ಕಳನ್ನು ಓದಲು ಬಿಟ್ಟ ಅಪ್ಪ-ಅಮ್ಮಂದಿರು ವಾರಾಂತ್ಯಕ್ಕೆ ಬರುತ್ತಾರಲ್ಲ? ದೇವಸ್ಥಾನ ಆಯಿತು, ಬೀಚ್ ಆಯಿತು, ಇನ್ನೆಂತ ಎಂದು ಹೋಟೆಲ್ ರೂಮಿನಲ್ಲಿ ಮಗನ ಮುಖ ನೋಡುತ್ತಾ ಕೂರುತ್ತಾರಲ್ಲ (ಮಗ ಮೊಬೈಲ್ ನೋಡುತ್ತಾನೆ)? ಅವರನ್ನು ಸಂಜೆ ಬೋಟಿನಲ್ಲಿ ಕೂರಿಸಿ, ಹೊಳೆ ತೋರಿಸಿ, ಬಿಸಿ ನೀರುದೋಸೆ ಬಡಿಸುವುದು.

ಒಳ್ಳೆಯ ಆಲೋಚನೆ. ನನಗೂ ಖುಷಿಯಾಯಿತು. ಮಸ್ಕತ್ತಿನ ಉಳಿತಾಯ ಪೂರ್ತಿ ಇದಕ್ಕೇ ಎಂದರು. ಬೋಟು ಆರಿಸುವ ಕೆಲಸ ನನ್ನ ತಲೆಗೆ ಬಂತು.

"ನಮಗೆ ಎಂತ ಗೊತ್ತುಂಟು ಮಾವ? ನೀವು ಸರಿ ಅಂದ್ರೆ ಸರಿ," ಎಂದಳು ಸುಗಂಧಿ.

"ಮೈಲೇಜ್ ಎಷ್ಟು ಬರ್ತದೆ ಅಂತ ಮೊದಲು ಕೇಳ್ಬೇಕು," ಎಂದ ಜಗದೀಶ.

ನಾನು ನಕ್ಕೆ. ದೊಡ್ಡವರ ನಗು. "ಬೋಟಿಗೆ ಮೈಲೇಜ್ ಇಲ್ಲ ಮಾರಾಯ. ಅದೇನು ಸ್ಕೂಟರಾ? ಗಂಟೆಗೆ ಎಷ್ಟು ಲೀಟರ್ ಅಂತ ಕೇಳ್ಬೇಕು."

ಹೇಳಿದ್ದು ಸರಿಯೇ. ಹೇಳದೆ ಬಿಟ್ಟದ್ದು ಬೇರೆ ಉಂಟು. ನಾನು ಜೀವಮಾನವಿಡೀ ಓಡಿಸಿದ್ದು ಡೀಸೆಲ್ ಬೋಟು. ಅದಕ್ಕೆ ಸಬ್ಸಿಡಿ ಇತ್ತು. ಬಿಲ್ಲು ಕಟ್ಟುವವನು ಧಣಿ. ಪ್ರವಾಸಿಗರ ಪೆಟ್ರೋಲ್ ಬೋಟಿಗೆ ಸಬ್ಸಿಡಿಯೂ ಇಲ್ಲ, ಧಣಿಯೂ ಇಲ್ಲ. ಬಂಕಿನ ರೇಟೇ ರೇಟು. ಹೊಳೆ ಬದಿಯಲ್ಲಿ ಬಂಕೂ ಇಲ್ಲ. ಹೈವೇಯಿಂದ ಕ್ಯಾನಿನಲ್ಲಿ ತರಬೇಕು, ಅದಕ್ಕೆ ಬಂಕಿನವರನ್ನು ಒಪ್ಪಿಸಬೇಕು, ರಿಕ್ಷಾದವನಿಗೆ ಬಾಡಿಗೆ ಕೊಡಬೇಕು. ಇದೆಲ್ಲ ನನಗೂ ಹೊಸ ಪಾಠ. ಆದರೆ "ನನಗೆ ಗೊತ್ತಿಲ್ಲ" ಎಂದು ಹೇಳಲು ತಾಂಡೇಲರಿಗೆ ಬಾಯಿ ಬರುತ್ತದೆಯೇ?

ಒಬ್ಬ ಬ್ರೋಕರ್ ಸಿಕ್ಕಿದ. ಬಿಳಿ ಬಣ್ಣದ, ಹೊಳೆಯುವ, ಹಿಂದೆ ಎರಡು ದೊಡ್ಡ ಪೆಟ್ರೋಲ್ ಎಂಜಿನ್ ಇರುವ ಕ್ರೂಸರ್ ತೋರಿಸಿದ. ಸೆಕೆಂಡ್ ಹ್ಯಾಂಡ್. ಟ್ರಯಲ್ ದಿನ ನನ್ನನ್ನು ನೋಡಿದವನೇ, "ಬನ್ನಿ ತಾಂಡೇಲರೇ, ನೀವೇ ಹಿಡೀರಿ," ಎಂದು ಸ್ಟೇರಿಂಗ್ ಬಿಟ್ಟುಕೊಟ್ಟ.

ಓದುಗರೇ, ನಾನು ಅಲ್ಲೇ ಕರಗಿಹೋದೆ. ನನ್ನನ್ನು ತಾಂಡೇಲ ಎಂದು ಕರೆಯುವವರು ಈಗ ಯಾರಿದ್ದಾರೆ? ಬ್ಯಾಂಕಿನಲ್ಲಿ ಅಜ್ಜ. ಬಸ್ಸಿನಲ್ಲಿ ಅಜ್ಜ. ಮನೆಯಲ್ಲಿ ಅದೂ ಇಲ್ಲ, "ಓಯ್, ಕೇಳ್ತದಾ?" ಅಷ್ಟೇ.

ಎಂಜಿನ್ ಗುಡುಗಿತು. ಬೋಟು ಮೂತಿ ಎತ್ತಿ ಹಾರಿತು. ಬೋಟಿನಲ್ಲಿ ನಾವು ನಾಲ್ಕೇ ಜನ. ನೀರು ಇಳಿತದಲ್ಲಿತ್ತು, ಹೊಳೆಯ ನೀರೆಲ್ಲ ಸಮುದ್ರದ ಕಡೆ ಎಳೆಯುತ್ತಿತ್ತು. ನಾವು ಹೋದದ್ದೂ ಅದೇ ಕಡೆಗೆ. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಒಂದು ಗೂಡು ಹೋಟೆಲ್ ಮುಂದೆ ಬ್ರೋಕರ್ ನಿಲ್ಲಿಸಲು ಹೇಳಿದ. ಬಾಳೆ ಎಲೆ ಹಾಕಿದ ತಟ್ಟೆಯಲ್ಲಿ ಕಾಣೆ ಫ್ರೈ ತಯಾರಿತ್ತು. ಆಚೆ ಕಾರೂ ತಯಾರಿತ್ತು, ನಮ್ಮನ್ನು ವಾಪಸು ಕರೆದುಕೊಂಡು ಹೋಗಲು. "ಬೋಟನ್ನು ನಮ್ಮ ಹುಡುಗರು ತರ್ತಾರೆ, ನೀವು ಆರಾಮ ಮಾಡಿ," ಎಂದ.

"ನೋಡಿದ್ರಲ್ಲ? ಒಂದು ಟ್ರಿಪ್ಪಿಗೆ ಹತ್ತು ಲೀಟರ್ ಸಾಕೇ ಸಾಕು. ಅಲ್ವಾ ತಾಂಡೇಲರೇ?"

ಸುಗಂಧಿ ನನ್ನ ಮುಖ ನೋಡಿದಳು.

ಇಳಿತದ ಜತೆ ಓಡಿದರೆ ಅರ್ಧ ಕೆಲಸ ನೀರೇ ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ನಾಲ್ಕು ಜನರ ಭಾರ ಭಾರವಲ್ಲ ಎಂದೂ ಗೊತ್ತಿತ್ತು. ಬರುವ ದಾರಿಯನ್ನು ನಾವು ನೋಡಲೇ ಇಲ್ಲ ಎಂದೂ ಗೊತ್ತಿತ್ತು. ಆದರೆ ಈ ಬೋಟು ಬಂದರೆ ಈ ಸ್ಟೇರಿಂಗೂ ಬರುತ್ತದೆ. ಜನ ಮತ್ತೆ ತಾಂಡೇಲರೇ ಎನ್ನುತ್ತಾರೆ. ಬಾಯಿಯಲ್ಲಿ ಮೀನು ಇತ್ತು.

ತಲೆಯಾಡಿಸಿದೆ.

ಮನೆಗೆ ಬಂದರೆ ಗಿರಿಜಾ (ನನ್ನ ಹೆಂಡತಿ) ಕೇಳಿದಳು, "ಬೋಟು ಹೇಗುಂಟು?"

"ಒಳ್ಳೇದುಂಟು."

"ಮತ್ತೆ ನಿಮ್ಮ ಮುಖ ಯಾಕೆ ಹೀಗುಂಟು?"

ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸಿನ ಎದುರು ಸಮುದ್ರದ ಸುಳ್ಳು ನಡೆಯುವುದಿಲ್ಲ. ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ತೆಂಗಿನಕಾಯಿ ಕೆಳಗಿಟ್ಟಳು. "ಆ ಹುಡುಗಿ ನಾಳೆ ಅಡ್ವಾನ್ಸ್ ಕೊಡ್ಲಿಕ್ಕೆ ಹೋಗ್ತಾಳೆ. ನೀವು ಹೇಳ್ತೀರೋ, ನಾನು ಹೇಳ್ಬೇಕೋ?"

ಬೆಳಿಗ್ಗೆ ಸುಗಂಧಿಯೇ ಬಂದಳು, ಕೈಯಲ್ಲಿ ಹೋಳಿಗೆ ಡಬ್ಬಿ. ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಮಾವನ ಆಶೀರ್ವಾದ ಬೇಕಂತೆ. ಬಗ್ಗಿ ಕಾಲು ಮುಟ್ಟಲು ಬಂದವಳನ್ನು ತಡೆದೆ. ಕೂರಿಸಿದೆ. ಇಳಿತ, ಭಾರ, ಬರುವ ದಾರಿ, ಒಂದೊಂದಾಗಿ ಹೇಳಿದೆ. ಕೊನೆಗೆ, ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಯಾಕೆ ಎಂಬುದನ್ನೂ. ಅದೊಂದೇ ಕಷ್ಟವಾದದ್ದು.

ಅವಳು ಹೋಳಿಗೆ ಡಬ್ಬಿಯನ್ನು ಪಕ್ಕಕ್ಕಿಟ್ಟಳು.

"ಫ್ರೈ ಚೆನ್ನಾಗಿತ್ತಾ ಮಾವ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ಅವಳೇ ಡಬ್ಬಿ ತೆರೆದು ಒಂದು ಹೋಳಿಗೆ ನನ್ನ ಕೈಗಿಟ್ಟಳು. "ಬ್ಯಾಂಕಿಗೆ ಹೋಗುವ ಮೊದಲು ಹೇಳಿದ್ರಲ್ಲ, ಸಾಕು. ಇನ್ನೊಂದು ಟ್ರಯಲ್ ಮಾಡುವ. ಈ ಸಲ ವಾಪಸು ಬರುವುದೂ ಬೋಟಿನಲ್ಲೇ. ಎದುರು ನೀರಿಗೆ. ಜನ ತುಂಬಿಸಿ."

ಜನ ಎಲ್ಲಿಂದ? ಗಿರಿಜಾ ಒಳಗಿನಿಂದಲೇ ಕೂಗಿದಳು, "ನಮ್ಮ ಭಜನಾ ಮಂಡಳಿ ಉಂಟಲ್ಲ!"

ಭಾನುವಾರ ಕಾಪುವಿನ ಭಜನಾ ಮಂಡಳಿಯ ಹೆಂಗಸರೆಲ್ಲ ಒಂದೇ ಬಣ್ಣದ ಸೀರೆ ಉಟ್ಟು, ತಾಳ ಹಿಡಿದು ಜೆಟ್ಟಿಗೆ ಬಂದರು. ಬ್ರೋಕರ್ ಬೆವರಿದ.

"ಟ್ರಯಲ್ ಆಗಿದೆಯಲ್ಲ ಅಕ್ಕ?"

"ಹೋಗುವ ಟ್ರಯಲ್ ಆಗಿದೆ. ಬರುವ ಟ್ರಯಲ್ ಆಗ್ಲಿಲ್ಲ," ಎಂದಳು ಸುಗಂಧಿ.

ಜಗದೀಶ ಬೋಟಿನ ಭಾರ ಲೆಕ್ಕ ಹಾಕಬೇಕೆಂದು ಒಬ್ಬೊಬ್ಬರ ತೂಕ ಕೇಳಲು ಹೋದ. ಮಸ್ಕತ್ತಿನಲ್ಲಿ ಎಂತ ಕಲಿತನೋ, ಇದು ಕಲಿಯಲಿಲ್ಲ.

"ಐವತ್ತು," ಎಂದರು ಮುಂದಿದ್ದ ಲೀಲಕ್ಕ.

"ಐವತ್ತು ನಿಮ್ಮ ಮದುವೆಯ ದಿನ ಇದ್ದದ್ದು," ಎಂದಳು ಗಿರಿಜಾ.

"ನಿನ್ನದು ಹೇಳು ನೋಡುವ!"

"ನಾನು ಬೋಟು ತೆಗೊಳ್ಳುವವರ ಕಡೆಯವಳು. ನನಗೆ ತೂಕ ಇಲ್ಲ."

ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಟ್ಯಾಂಕನ್ನು ಬಾಯಿಯವರೆಗೆ ತುಂಬಿಸಿ ಹೊರಟೆವು. ಪೆಟ್ರೋಲ್ ಮೀಟರಿನ ಮುಳ್ಳನ್ನು ನಂಬಬಾರದು, ನೀರಿನ ಕುಲುಕಾಟಕ್ಕೆ ಅದು ಕುಣಿಯುತ್ತದೆ. ತುಂಬಿಸಿ ಹೊರಡಬೇಕು, ವಾಪಸು ಬಂದು ಮತ್ತೆ ತುಂಬಿಸಬೇಕು. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ. ಇಷ್ಟೇ ಲೆಕ್ಕ.

ಹೋಗುವಾಗ ಸುಖ. ತಿರುಗಿದೆವು ನೋಡಿ, ಹೊಳೆಯ ನೀರೆಲ್ಲ ಬೋಟಿನ ಎದೆಗೆ ಬಂತು. ಮೊದಲ ಟ್ರಯಲಿನ ವೇಗ ಬರಲು ಎರಡೂ ಎಂಜಿನ್ ಕಿರುಚಬೇಕಾಯಿತು. ಅಷ್ಟು ಜನರ ಭಾರಕ್ಕೆ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ಬೋಟು ಹಾರುವ ಬದಲು ನೀರನ್ನು ಉಳುತ್ತಾ ಬಂತು. ಹೆಂಗಸರು ಸೆರಗು ಹಿಡಿದು ಕೂತರು. ಭಜನೆ ಇಲ್ಲ, ಮಾತಿಲ್ಲ.

ಜೆಟ್ಟಿಯಲ್ಲಿ ಟ್ಯಾಂಕ್ ತುಂಬಿಸಿದೆವು. ಹತ್ತು ಲೀಟರಿನ ಕ್ಯಾನ್ ಖಾಲಿಯಾಯಿತು. ಎರಡನೆಯದೂ ಖಾಲಿಯಾಯಿತು. ಮೂರನೆಯದಕ್ಕೆ ಜಗದೀಶ ಕೈ ಹಾಕುವಾಗ ಬ್ರೋಕರಿಗೆ ಏನೋ ಫೋನು ಬಂತು, ಆಚೆ ಹೋದ.

ಸುಗಂಧಿಯ ಮುಖ ಬಾಡಿತು. ಟಿಕೆಟ್ಟಿಗೆ ಎಷ್ಟಿಟ್ಟರೆ ಈ ಪೆಟ್ರೋಲಿನ ದುಡ್ಡು ಹುಟ್ಟುತ್ತದೆ? ದೋಸೆ ಮಾರಿ ಬಂದದ್ದೆಲ್ಲ ಎಂಜಿನ್ ಕುಡಿದರೆ ಉಳಿಯುವುದೆಂತ? ಆಸೆ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಬೋಟು ತಪ್ಪಿತಲ್ಲ ಎಂಬ ಸಮಾಧಾನಕ್ಕಿಂತ ಅವಳ ಮುಖ ನೋಡುವ ಸಂಕಟವೇ ಹೆಚ್ಚಾಯಿತು.

ಆಗ ಲೀಲಕ್ಕ, "ಇದೆಂತದು ಮಾರಾಯ್ತಿ? ಭಜನೆ ಮಾಡ್ಲಿಕ್ಕೆ ಕರೆದು, ಗಾಳಿಗೆ ಬಾಯಿ ತೆರೆಯಲಿಕ್ಕೂ ಬಿಡ್ಲಿಲ್ಲ. ಒಂದು ಹೊಳೆ ನೋಡ್ಲಿಕ್ಕೆ ಆಗ್ಲಿಲ್ಲ, ಒಂದು ಹಕ್ಕಿ ನೋಡ್ಲಿಕ್ಕೆ ಆಗ್ಲಿಲ್ಲ. ಇನ್ನೊಮ್ಮೆ ಕರಕೊಂಡು ಹೋಗು. ನಿಧಾನ!" ಎಂದರು.

ಸುಗಂಧಿ ನನ್ನ ಕಡೆ ತಿರುಗಿದಳು. ಎಲ್ಲರನ್ನೂ ಮತ್ತೆ ಹತ್ತಿಸಿ, ನಾನು ಒಂದು ಎಂಜಿನ್ ಬಂದ್ ಮಾಡಿದೆ. ಇನ್ನೊಂದನ್ನು ಮೆಲ್ಲಗೆ ಇಟ್ಟೆ, ನಡೆಯುವವನ ವೇಗಕ್ಕಿಂತ ಸ್ವಲ್ಪ ಹೆಚ್ಚು. ಅಳಿವೆಯವರೆಗೆ ಹೋಗಲಿಲ್ಲ, ಮಟ್ಟು ಊರಿನ ಕಡೆ, ನೀರಿನಲ್ಲೇ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ಮಗ್ಗುಲಲ್ಲಿ ಸುತ್ತು ಹಾಕಿ ಬಂದೆವು. ಅಂಚಿನಲ್ಲಿ ನೀರಿನ ಸೆಳೆತವೂ ಕಡಿಮೆ. ಬೋಟು ಮೂತಿ ಇಳಿಸಿ ಸಭ್ಯವಾಗಿ ಹೋಯಿತು. ತಾಳ ಶುರುವಾಯಿತು. ದಡದಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ಕೈ ಬೀಸಿದರು. ಬೆಳ್ಳಕ್ಕಿಗಳೂ ಹಾರಲಿಲ್ಲ.

ಮೊದಲಿನಷ್ಟೇ ಹೊತ್ತು, ಅಷ್ಟೇ ಜನ. ಮತ್ತೆ ತುಂಬಿಸಿದರೆ ಒಂದು ಕ್ಯಾನೂ ಖಾಲಿಯಾಗಲಿಲ್ಲ.

"ಮಾವ, ದೋಸೆ ತಿನ್ನುವವರಿಗೆ ಈ ಸ್ಪೀಡು ಸಾಕಲ್ಲ?" ಎಂದಳು ಸುಗಂಧಿ. "ಮತ್ತೆ ನಮಗೆ ಎರಡು ಎಂಜಿನ್ ಯಾಕೆ?"

ಯಾಕೆ? ನನ್ನ ಹಮ್ಮಿಗೆ ಒಂದು, ಬ್ರೋಕರನ ಕಮಿಷನ್ನಿಗೆ ಒಂದು. ಬೇರೆ ಕಾರಣ ಇರಲಿಲ್ಲ.

ಅದೇ ಬ್ರೋಕರನ ಶೆಡ್ಡಿನಲ್ಲಿ, ಟಾರ್ಪಾಲಿನ ಅಡಿಯಲ್ಲಿ, ಒಂದೇ ಸಣ್ಣ ಎಂಜಿನ್ನಿನ, ಅಗಲ ಹೊಟ್ಟೆಯ, ಮೇಲೆ ನೆರಳಿಗೆ ಮಾಡು ಇರುವ ಪುಟ್ಟ ಕ್ರೂಸರ್ ಇತ್ತು. ನೋಡಲು ಚಂದವಿಲ್ಲ ಎಂದು ಅವನು ತೋರಿಸಿಯೇ ಇರಲಿಲ್ಲ. ಅದನ್ನೂ ಜನ ತುಂಬಿಸಿ, ಎದುರು ನೀರಿಗೆ ಓಡಿಸಿ ನೋಡಿದೆವು. ಆಮೇಲೆ ಅಡ್ವಾನ್ಸ್ ಕೊಟ್ಟಳು. ಮಿಕ್ಕ ಹಣದಲ್ಲಿ ಅಡುಗೆಗೆ ಒಳ್ಳೆಯ ಒಲೆ ಬಂತು. ಲೈಸೆನ್ಸು, ವಿಮೆ ಎಲ್ಲ ಆಗಿದೆ. ಈಗ ಶನಿವಾರ-ಭಾನುವಾರ ಸೀಟು ತುಂಬುತ್ತಿದೆ. ಮೊನ್ನೆ ಒಬ್ಬ ಅಪ್ಪ ಇಳಿಯುವಾಗ ಹೇಳಿದರಂತೆ, ಮಗ ಒಂದು ಗಂಟೆ ಮೊಬೈಲ್ ತೆಗೆಯಲಿಲ್ಲ ಎಂದು.

ನನ್ನ ಕೆಲಸ? ಪೆಟ್ರೋಲ್ ಕ್ಯಾನ್ ಜತೆ ರಿಕ್ಷಾದಲ್ಲಿ ಬರುವುದು. ಬೋಟು ನಡೆಸಲು ಲೈಸೆನ್ಸ್ ಇರುವ ಬೇರೆ ಚಾಲಕ ಇದ್ದಾನೆ. ಪ್ರವಾಸಿಗರು ಇಳಿದ ಮೇಲೆ, ಖಾಲಿ ಬೋಟನ್ನು ಕಟ್ಟುವ ಜಾಗಕ್ಕೆ ಒಯ್ಯುವಾಗ, ಎದುರು ನೀರು ಇದ್ದರೆ ಮಾತ್ರ ಸುಗಂಧಿ ಸ್ಟೇರಿಂಗ್ ನನ್ನ ಕೈಗೆ ಕೊಡುತ್ತಾಳೆ. "ಇಳಿತದ ಜತೆ ನಿಮ್ಮನ್ನು ಬಿಡುವುದಿಲ್ಲ ಮಾವ," ಎಂದು ನಗುತ್ತಾಳೆ. ಶಿಕ್ಷೆಯೋ ಬಹುಮಾನವೋ ಗೊತ್ತಿಲ್ಲ. ನಾನು ವಾರವಿಡೀ ಅದಕ್ಕೇ ಕಾಯುತ್ತೇನೆ.

ಕೂತು ಯೋಚಿಸಿದರೆ, ಬೋಟು ಮಾತ್ರವೇ? ಕಾರಿನ ಶೋರೂಮಿನವರು ಟೆಸ್ಟ್ ಡ್ರೈವ್ ಕೊಡುವುದು ಗುಂಡಿ ಇಲ್ಲದ ರಸ್ತೆಯಲ್ಲಿ. ಫ್ಲ್ಯಾಟು ತೋರಿಸುವುದು ನೀರಿನ ಟ್ಯಾಂಕರ್ ಬಂದು ಹೋದ ಮೇಲೆ. ಹುಡುಗ-ಹುಡುಗಿ ನೋಡುವುದು ಎಲ್ಲರೂ ನಗುತ್ತಿರುವ ದಿನ. ಕರೆದುಕೊಂಡು ಹೋದ ಹಿರಿಯರು ಪಕ್ಕದಲ್ಲೇ ಇರುತ್ತಾರೆ. ಅವರಿಗೆ ಗೊತ್ತಿರುತ್ತದೆ. ಮರ್ಯಾದೆಗೆ ಕರಗಿ ತಲೆಯಾಡಿಸುತ್ತಾರೆ.

ನೀವು ಹಿರಿಯರಾದರೆ ಒಂದು ಪ್ರಶ್ನೆ: ಕಳೆದ ಸಲ ಯಾರದೋ ಬದುಕಿಗೆ "ಸರಿ ಉಂಟು" ಎಂದು ತಲೆಯಾಡಿಸಿದಿರಲ್ಲ, ಆಗ ನಿಮ್ಮ ಎಲೆಯಲ್ಲಿ ಎಂತ ಇತ್ತು?